ರಬ್ಬರ್ ಸ್ಟಾಂಪೋ, ಪಾರದರ್ಶಕ ಸ್ಟಾಂಪೋ?

ದೀಪಾವಳಿಗೆ ಕೈಯಾರೆ ಕಾರ್ಡ್ ಮಾಡಲು ಹೊರಟವರನ್ನು ಮೊದಲು ಕಾಡುವ ಪ್ರಶ್ನೆ ಇದೇ. ಪಾರದರ್ಶಕ ಸ್ಟಾಂಪನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿ ಒತ್ತಬೇಕು. ಅಚ್ಚು ಎಲ್ಲಿ ಬೀಳುತ್ತದೆಂದು ಕಣ್ಣಿಗೇ ಕಾಣುತ್ತದೆ. ‘ಶುಭಾಶಯಗಳು’ ಸೊಟ್ಟಗಾಗದಿರಲು ಇದೇ ವಾಸಿ. ಆದರೆ ಬಿಸಿಲಿಗೆ ಹಳದಿಯಾಗುತ್ತದೆ. ಹೊಸತರಲ್ಲಿ ಇಂಕು ಹನಿಹನಿಯಾಗಿ ನಿಲ್ಲುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸರಿಹೋಗುತ್ತದೆ.

ಮರದ ಹಿಡಿಯ ಕೆಂಪು ರಬ್ಬರ್ ಸಾಮಾನ್ಯವಾಗಿ ದುಬಾರಿ, ಡ್ರಾಯರ್‌ನಲ್ಲಿ ಜಾಗವೂ ತಿನ್ನುತ್ತದೆ. ಜೋಡಣೆಯೆಲ್ಲ ಅಂದಾಜು: ನನ್ನ ಅರ್ಧ ಹಣತೆಗಳು ಕಾರ್ಡಿನಂಚಿನಿಂದ ಜಾರಿಬಿದ್ದಿವೆ! ಆದರೂ ಎಳೆಗೆರೆ ಅದರಲ್ಲೇ ಚೊಕ್ಕ. ವರ್ಷಗಟ್ಟಲೆ ಬಾಳುತ್ತದೆ, ಸಾಲ್ವೆಂಟ್ (ರಾಸಾಯನಿಕ ದ್ರಾವಕದ) ಇಂಕಿಗೂ ಜಗ್ಗುವುದಿಲ್ಲ. ಅಕ್ಷರಕ್ಕೆ ಪಾರದರ್ಶಕ, ಚಿತ್ರಕ್ಕೆ ರಬ್ಬರ್, ನಾನಾದರೆ ಹೀಗೆ ಕೊಳ್ಳುವೆ. ಕಾಗದ ಮಾತ್ರ 250 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ತೆಳ್ಳಗೆ ಬೇಡ. ಮೇಜಿನ ಮೇಲೆ ನಿಲ್ಲಿಸಿದರೆ ಬಾಗುತ್ತದೆ.