ಬ್ಯಾಂಕ್‌ನೆಟ್: ಬಿಡ್ ಹಾಕುವುದು ಸಲೀಸು, ತಕರಾರು ಹುಡುಕುವುದು ನಿಮ್ಮ ಪಾಡು

ಸಾಲ ಸುಸ್ತಿಯಾಗಿ ಸರ್ಕಾರಿ ಬ್ಯಾಂಕುಗಳು ಹರಾಜಿಗಿಡುವ ಮನೆ, ಸೈಟು, ಫ್ಲ್ಯಾಟುಗಳನ್ನು ಒಂದೇ ಕಡೆ ನೋಡಲು ಬ್ಯಾಂಕ್‌ನೆಟ್ ಪೋರ್ಟಲ್ ಇದೆ. ಈಗಿನ ರೂಪದಲ್ಲಿ ಬಂದದ್ದು 2025ರ ಜನವರಿಯಲ್ಲಿ. ನೋಂದಣಿ, ಕೆವೈಸಿ, ವ್ಯಾಲೆಟ್‌ಗೆ ಇಎಂಡಿ (ಬಿಡ್‌ಗೆ ಮೊದಲು ಕಟ್ಟುವ ಮುಂಗಡ ಠೇವಣಿ), ಆಮೇಲೆ ಬಿಡ್. ಇಷ್ಟಕ್ಕೆ ದಲ್ಲಾಳಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಐದಕ್ಕೆ ಮೂರು ಅಂಕ. ಉಳಿದೆರಡನ್ನು ಯಾಕೆ ಕತ್ತರಿಸಿದ್ದು ಅನ್ನುವುದೇ ಮುಖ್ಯ.

ಫೋಟೊ ಬಿಡಿ, ಹರಾಜು ನೋಟಿಸಿನ ಪಿಡಿಎಫ್ ತೆರೆಯಿರಿ. ‘ಬ್ಯಾಂಕಿಗೆ ತಿಳಿದ ಋಣಭಾರ: ಇಲ್ಲ’ ಎಂದಿದ್ದರೆ ಬ್ಯಾಂಕಿಗೆ ಗೊತ್ತಿಲ್ಲ ಎಂದಷ್ಟೇ ಅರ್ಥ, ಋಣವೇ ಇಲ್ಲ ಎಂದಲ್ಲ. ಸ್ವಾಧೀನ ‘ಸಾಂಕೇತಿಕ’ ಎಂದಿದ್ದರೆ ಗೋಡೆಗೆ ನೋಟಿಸ್ ಅಂಟಿದೆ, ಒಳಗೆ ಕುಕ್ಕರ್ ಕೂಗುತ್ತಲೇ ಇದೆ. ಬಿಡಿಸಲು ಸರ್ಫೇಸಿ ಕಾಯ್ದೆಯ (ಬ್ಯಾಂಕುಗಳು ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲು ಮಾಡುವ ಕಾಯ್ದೆ) 14ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ದುಡ್ಡಿನ ಗಡುವು ಕಟ್ಟುನಿಟ್ಟು. 80 ಲಕ್ಷ ರಿಸರ್ವ್ ಬೆಲೆಗೆ (ಹರಾಜಿನ ಕನಿಷ್ಠ ಬೆಲೆ) ಶೇ 10ರಂತೆ 8 ಲಕ್ಷ ಇಎಂಡಿ ಕಟ್ಟಿ, 90 ಲಕ್ಷಕ್ಕೆ ಗೆದ್ದಿರಿ ಅಂದುಕೊಳ್ಳಿ. ಶೇ 25 ಅಂದರೆ 22.5 ಲಕ್ಷ, ಇಎಂಡಿ ಕಳೆದು ಉಳಿದ 14.5 ಲಕ್ಷವನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಬಾಕಿ 67.5 ಲಕ್ಷಕ್ಕೆ ಮಾರಾಟ ಖಾಯಂ ಆದ ಮೇಲೆ 15 ದಿನ. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಮೂರು ತಿಂಗಳವರೆಗೆ. ತಪ್ಪಿದರೆ 22.5 ಲಕ್ಷ ಪೂರ್ತಿ ಮುಟ್ಟುಗೋಲು. ಅದು ಸರಿಯೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿಯಾಗಿದೆ. ಗೆದ್ದ ಮೇಲೆ ಸಾಲಕ್ಕೆ ಓಡಾಡಿದರೆ ಆಗದು.

ಮಾಲೀಕ ದಿವಾಳಿ ಅರ್ಜಿ ಹಾಕಿದ್ದರೆ? ಇಲ್ಲೇ ಬಹಳ ಜನ ಎಡವುವುದು. ಬರೀ ಗೃಹಸಾಲದವನಾದರೆ ಕರ್ನಾಟಕದ ಜಿಲ್ಲೆಗಳಲ್ಲಿ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. ಅದರ ಸೆಕ್ಷನ್ 28(6) ಪ್ರಕಾರ ಅಡಮಾನ ಹಿಡಿದ ಬ್ಯಾಂಕಿನ ಹಕ್ಕಿಗೆ ಧಕ್ಕೆಯಿಲ್ಲ. ಆತ ಯಾವುದೋ ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವನಾದರೆ ಕಥೆ ಬೇರೆಯಾಗಿತ್ತು. 2025ರಲ್ಲಿದ್ದ ನಿಯಮದಂತೆ ಎನ್‌ಸಿಎಲ್‌ಟಿಯಲ್ಲಿ (ಕಂಪನಿ ಕಾನೂನು ನ್ಯಾಯಮಂಡಳಿ) ಐಬಿಸಿ, ಅಂದರೆ ದಿವಾಳಿ ಸಂಹಿತೆಯ ಸೆಕ್ಷನ್ 94ರ ಅರ್ಜಿ ಸಲ್ಲಿಕೆಯಾದ ದಿನದಿಂದಲೇ ಸೆಕ್ಷನ್ 96ರ ಮಧ್ಯಂತರ ತಡೆ (ಸಾಲ ವಸೂಲಿ ಕ್ರಮಗಳಿಗೆ ತಡೆ) ಶುರುವಾಗುತ್ತಿತ್ತು, ಜಡ್ಜ್ ಫೈಲು ನೋಡುವವರೆಗೂ ಕಾಯುತ್ತಿರಲಿಲ್ಲ. ಹರಾಜಿನ ಹಿಂದಿನ ದಿನ ಇಂಥ ಅರ್ಜಿ ಬಿದ್ದರೆ ವಕೀಲರಿಗೇನೂ ಆಶ್ಚರ್ಯವಾಗುತ್ತಿರಲಿಲ್ಲ.

ಮೊದಲೇ ಶೇ 25 ಕಟ್ಟಿದ್ದರೂ ನೆಮ್ಮದಿಯಿಲ್ಲ. ಆರ್‌ಸಿಎಂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಯ ಆಸ್ತಿ ಹರಾಜಾಗಿ, ಬಾಕಿ ಹಣ ಬರುವ ಮುನ್ನವೇ ದಿವಾಳಿ ಪ್ರಕ್ರಿಯೆ ಶುರುವಾಗಿತ್ತು. ಪೂರ್ತಿ ಹಣ ಸಂದಾಯವಾಗದೆ ಮಾರಾಟ ಮುಗಿಯದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಇಎಂಡಿ ಕಟ್ಟುವ ಮೊದಲು, ಮತ್ತೆ ಬಿಡ್‌ನ ಬೆಳಿಗ್ಗೆ, ಸಾಲಗಾರ ಮತ್ತು ಜಾಮೀನುದಾರರ ಹೆಸರನ್ನು ಡಿಆರ್‌ಟಿ (ಸಾಲ ವಸೂಲಿ ನ್ಯಾಯಮಂಡಳಿ), ಎನ್‌ಸಿಎಲ್‌ಟಿ ಜಾಲತಾಣಗಳಲ್ಲಿ ಹಾಕಿ ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಬರೀ ಹಕ್ಕುಪತ್ರ ಇಟ್ಟು ಪಡೆದ ಸಾಲ ಇಸಿಯಲ್ಲಿ ಕಾಣದೇ ಇರಬಹುದು, ಅದಕ್ಕೆ ಸೆರ್ಸಾಯ್ (ಅಡಮಾನಗಳ ಕೇಂದ್ರ ದಾಖಲಾತಿ) ಹುಡುಕಾಟ ಬೇಕು. ಹಳೇ ಕರೆಂಟ್ ಬಾಕಿಯನ್ನೂ ಎಸ್ಕಾಂ ಕಚೇರಿಯಲ್ಲಿ ಕೇಳಿ. ಹೊಸ ಸಂಪರ್ಕ ಕೊಡುವಾಗ ಅದನ್ನು ನಿಮ್ಮ ತಲೆಗೇ ಕಟ್ಟಬಹುದು.