ಸೇಫ್ಟಿ ರೇಜರಿಗೆ ಹೊಸಬರೇ? ಬ್ಲೇಡು ಆರಿಸುವ ಬಗೆ ಮತ್ತು ಐದು ಬ್ಲೇಡುಗಳ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಾರ್ಟ್ರಿಜ್ (ಬ್ಲೇಡು ಕೂಡಿದ ತಲೆಯನ್ನೇ ಬದಲಿಸುವ ರೇಜರ್) ಬಿಟ್ಟು, ಎರಡು ಅಂಚಿನ ಬಿಡಿ ಬ್ಲೇಡು ಹಾಕುವ ಸೇಫ್ಟಿ ರೇಜರ್ ಹಿಡಿಯುತ್ತಿರುವವರು ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ ಅಥವಾ ಜಿಲೆಟ್‌ನ ಸೆವೆನ್ ಓ ಕ್ಲಾಕ್ ಸೂಪರ್ ಪ್ಲಾಟಿನಂ, ಇವೆರಡರಲ್ಲಿ ಯಾವುದು ಸಿಕ್ಕರೂ ಸರಿ, ಒಂದನ್ನು ತಂದು ಒಂದು ತಿಂಗಳು ಆ ಬ್ರ್ಯಾಂಡಿನಲ್ಲೇ ಶೇವ್ ಮಾಡಿ. ನಾಲ್ಕಾರು ಬ್ರ್ಯಾಂಡು ಹೋಲಿಸಿ ನೋಡುವುದು ಆಮೇಲಿನ ಕೆಲಸ. ಮೊದಲ ತಿಂಗಳು ಮುಖದಲ್ಲಿ ಕಾಣುವ ಉರಿ, ಗೀರು, ಕೆಂಪು ಚುಕ್ಕೆಗಳಲ್ಲಿ ಹೆಚ್ಚಿನವು ಕೈ ಇನ್ನೂ ಪಳಗಿಲ್ಲದ್ದರಿಂದ ಬಂದವು. ಆಗಲೇ ವಾರಕ್ಕೊಂದು ಬ್ರ್ಯಾಂಡು ಬದಲಾಯಿಸಿದರೆ ತಪ್ಪು ಕೈಯದೋ ಬ್ಲೇಡಿನದೋ ತಿಳಿಯುವುದೇ ಇಲ್ಲ. ಒಳ್ಳೆಯ ಬ್ಲೇಡಿಗೆ ಸುಮ್ಮನೆ ಕೆಟ್ಟ ಹೆಸರು ಬರುತ್ತದೆ. ಹತ್ತಾರು ಬ್ರ್ಯಾಂಡು ಸೇರಿಸಿ ಆನ್‌ಲೈನಿನಲ್ಲಿ ಮಾರುವ ಸ್ಯಾಂಪಲ್ ಪ್ಯಾಕನ್ನು ಮೊದಲ ದಿನವೇ ಕೊಳ್ಳಬೇಡಿ ಎನ್ನುವುದು ಇದೇ ಕಾರಣಕ್ಕೆ.

ಎರಡು ಅಂಚಿನ ಈ ಬ್ಲೇಡು ಹಳೆಯ ಸರಕು. ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟ ಶುರು ಮಾಡಿದಾಗ ಆ ವರ್ಷ ಖರ್ಚಾದದ್ದು 51 ರೇಜರು, 168 ಬ್ಲೇಡು. ಇವತ್ತಿನ ಬ್ಲೇಡು ಸುಮಾರು 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪ. ಕಂಪನಿ ಯಾವುದಾದರೂ ಅಳತೆ ಇದೇ, ಹಾಗಾಗಿ ಯಾವ ಬ್ಲೇಡು ಯಾವ ರೇಜರಿಗಾದರೂ ಕೂರುತ್ತದೆ. ವ್ಯತ್ಯಾಸವೆಲ್ಲ ಇರುವುದು ಅಂಚಿನಲ್ಲಿ. ಉಕ್ಕು ಸಾಮಾನ್ಯವಾಗಿ ಶೇ. 13ರ ಆಸುಪಾಸು ಕ್ರೋಮಿಯಂ ಇರುವ ಸ್ಟೇನ್‌ಲೆಸ್. ಅದನ್ನು ಯಾವ ಕೋನದಲ್ಲಿ ಮಸೆದಿದ್ದಾರೆ, ಮೇಲೆ ಪ್ಲಾಟಿನಂ ಅಥವಾ ಕ್ರೋಮಿಯಂ ಲೇಪ ಹೇಗಿದೆ, ಎಲ್ಲದರ ಮೇಲೆ ಜಾರಲೆಂದು ಕೊಡುವ ಟೆಫ್ಲಾನ್ ಜಾತಿಯ ಪದರ ಎಷ್ಟಿದೆ, ಇವು ಕಂಪನಿಯಿಂದ ಕಂಪನಿಗೆ ಬೇರೆ. ಈ ಜಾರುವ ಪದರ ಹೊಸ ಬ್ಲೇಡಿನ ಮೊದಲ ಕೆಲವು ಎಳೆತಗಳಲ್ಲೇ ಅಂಚಿನ ತುದಿಯಿಂದ ಸವೆಯುತ್ತದೆ. ಅದಕ್ಕೇ ಎಷ್ಟೋ ಬ್ಲೇಡುಗಳು ಮೊದಲ ಶೇವ್‌ಗಿಂತ ಎರಡನೆಯದರಲ್ಲಿ ಹೆಚ್ಚು ನಯ. ಒಂದೇ ಶೇವ್ ಮಾಡಿ ತೀರ್ಪು ಕೊಡುವುದು ನ್ಯಾಯವಲ್ಲ. ಕಡಿಮೆಯೆಂದರೆ ಮೂರು ಸಲ ಬಳಸಿ ನೋಡಬೇಕು.

ಬ್ಲೇಡಿನಷ್ಟೇ ರೇಜರಿನ ಪಾಲೂ ಇದೆ. ಅಂಚಿಗೂ ಕೆಳಗಿನ ಪಟ್ಟಿಗೂ ನಡುವಿನ ಸಂದು ಕಿರಿದಾಗಿದ್ದು, ಅಂಚು ಕಡಿಮೆ ಹೊರಚಾಚಿದ್ದರೆ ರೇಜರು ಸೌಮ್ಯ. ಸಂದು ಅಗಲವಾಗಿದ್ದು ಅಂಚು ಮುಂದೆ ಬಂದಿದ್ದರೆ ಒರಟು. ಮ್ಯೂಲೆ ಆರ್89, ಮರ್ಕೂರ್ 34ಸಿ, ಎಡ್ವಿನ್ ಜ್ಯಾಗರ್ ಡಿಇ89 ಇವೆಲ್ಲ ಸೌಮ್ಯ ಕಡೆಯವು, ಕಲಿಯುವವರಿಗೆ ಹೊಂದುತ್ತವೆ. ಹಲ್ಲಿನಂಥ ಪಟ್ಟಿಯ ಮ್ಯೂಲೆ ಆರ್41 ಕಲಿಯುವ ಕೈಗೆ ಬೇಡವೇ ಬೇಡ. ಬೇರೆಯವರ ವಿಮರ್ಶೆ ಓದುವಾಗಲೂ ಅವರು ಯಾವ ರೇಜರಿನಲ್ಲಿ ನೋಡಿದ್ದು ಎಂದು ಗಮನಿಸಿ. ಅದನ್ನು ಬರೆಯದಿದ್ದರೆ ಆ ವಿಮರ್ಶೆಯಿಂದ ನಿಮಗೆ ಪ್ರಯೋಜನವಿಲ್ಲ.

ಬ್ಲೇಡು ಕೂರಿಸುವ ಕೆಲಸ ಸಣ್ಣದಾಗಿ ಕಂಡರೂ ಹೊಸಬರ ಅರ್ಧ ದೂರು ಹುಟ್ಟುವುದು ಅಲ್ಲೇ. ಮೂರು ತುಂಡಿನ ರೇಜರಾದರೆ ಮುಚ್ಚಳವನ್ನು ಬೋರಲು ಹಾಕಿ, ಅದರ ಮೊಳೆಗಳ ಮೇಲೆ ಬ್ಲೇಡು ಇಟ್ಟು, ಮೇಲೆ ತಳದ ತಟ್ಟೆ ಕೂರಿಸಿ, ಹಿಡಿ ತಿರುಗಿಸಿ. ತಿರುಗಿಸುವಾಗ ಬ್ಲೇಡಿನ ಹರಿತವಿಲ್ಲದ ಎರಡು ಗಿಡ್ಡ ತುದಿಗಳನ್ನು ಬೆರಳಲ್ಲಿ ಹಿಡಿದಿರಬೇಕು. ಆಮೇಲೆ ರೇಜರನ್ನು ಬೆಳಕಿಗೆ ಹಿಡಿದು ನೇರ ಮೇಲಿನಿಂದ ನೋಡಿ: ಎರಡೂ ಬದಿಯಲ್ಲಿ ಅಂಚು ಒಂದೇ ಸಮ ಕಾಣಬೇಕು, ಉದ್ದಕ್ಕೂ ಸಮ ಇರಬೇಕು. ಒಂದು ಕಡೆ ಹೆಚ್ಚು ಇಣುಕಿದ್ದರೆ ಕಾಲು ಸುತ್ತು ಸಡಿಲಿಸಿ, ಸರಿಪಡಿಸಿ, ಮತ್ತೆ ಬಿಗಿ ಮಾಡಿ. ರೇಜರಿನ ಒಂದು ಬದಿ ಮಾತ್ರ ಕೊಯ್ಯುತ್ತಿದೆ, ಇನ್ನೊಂದು ಬದಿ ಚೆನ್ನಾಗಿದೆ ಎಂದರೆ ಬ್ಲೇಡು ಓರೆಯಾಗಿ ಕೂತಿದೆ ಎಂದೇ ಅರ್ಥ. ಕೆಲವು ಬ್ಲೇಡುಗಳನ್ನು ಕಾಗದಕ್ಕೆ ಮೇಣದ ಚುಕ್ಕೆ ಹಚ್ಚಿ ಅಂಟಿಸಿರುತ್ತಾರೆ, ಆಸ್ಟ್ರಾದಲ್ಲಿ ಅದು ಎದ್ದು ಕಾಣುತ್ತದೆ. ಮೇಣ ಉಳಿದರೂ ಶೇವ್‌ಗೆ ತೊಂದರೆಯಿಲ್ಲ. ಬೇಕಿದ್ದರೆ ಬಿಸಿನೀರು ಬಿಡಿ, ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಒರೆಸಿದರೆ ಅಂಚು ಹಾಳು, ಬೆರಳಿಗೂ ಅಪಾಯ.

ಈಗ ನೀರು ಮತ್ತು ನೊರೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ, ಕೋಲಾರದ ಕಡೆ, ಬಯಲುಸೀಮೆಯ ಊರುಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಗಸಿಯಾಗುತ್ತದೆ, ನೊರೆ ಎದ್ದ ಹಾಗೆ ಕಂಡು ಮುಖದ ಮೇಲೆ ನಿಮಿಷದಲ್ಲಿ ಒಣಗುತ್ತದೆ. ಒಣ ನೊರೆಯ ಮೇಲೆ ಎಂಥ ಬ್ಲೇಡೂ ಕೆರೆಯುತ್ತದೆ, ಆ ಬೈಗುಳ ಬ್ಲೇಡಿಗೆ ಹೋಗುತ್ತದೆ. ಪರೀಕ್ಷೆ ಮಾಡುವಾಗ ನೊರೆಗೆ ಮಾತ್ರ ಒಂದು ಲೋಟ ಫಿಲ್ಟರ್ ನೀರು ಅಥವಾ ಕಾವೇರಿ ನೀರು ಬಳಸಿ. ಬಾದಾಮಿಯಷ್ಟು ಕ್ರೀಮು ಸಾಕು. ಒದ್ದೆ ಬ್ರಶ್ಶಿನಲ್ಲಿ ಒಂದು ನಿಮಿಷ ತಿರುವಿ, ನಡುನಡುವೆ ನಾಲ್ಕೈದು ಹನಿ ನೀರು ಸೇರಿಸಿ, ನೊರೆ ಗಟ್ಟಿ ಮೊಸರಿನ ಹದಕ್ಕೆ ಬಂದು ಹೊಳೆಯಬೇಕು. ಗುಳ್ಳೆಗುಳ್ಳೆಯಾಗಿದ್ದರೆ ನೀರು ಜಾಸ್ತಿ, ಮಂಕಾಗಿ ಅಂಟಿಕೊಂಡಿದ್ದರೆ ನೀರು ಕಡಿಮೆ. ಸ್ನಾನದ ಸೋಪಿನಲ್ಲಿ ಈ ಜಾರಿಕೆ ಬರುವುದಿಲ್ಲ. ಶೇವ್‌ಗೆ ಮೊದಲು ಗಡ್ಡ ಎರಡು–ಮೂರು ನಿಮಿಷ ನೀರಿನಲ್ಲಿ ನೆನೆದಿರಬೇಕು, ಸ್ನಾನವಾದ ಕೂಡಲೇ ಮಾಡುವುದು ಎಲ್ಲಕ್ಕಿಂತ ಉತ್ತಮ. ಒಣ ಕೂದಲಿಗಿಂತ ನೆಂದ ಕೂದಲು ಕತ್ತರಿಸುವುದು ಬಹಳ ಸುಲಭ.

ಕೈಯ ವಿಷಯ ಇಷ್ಟು: ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನೆಲಕ್ಕೆ ಸಮವಾಗಿ ಹಿಡಿದು, ಅಂಚು ಕೂದಲನ್ನು ಹಿಡಿಯುವವರೆಗೆ ಹಿಡಿಯನ್ನು ನಿಧಾನ ಕೆಳಗಿಳಿಸಿ. ಸಾಮಾನ್ಯವಾಗಿ ಅಲ್ಲಿ ಸುಮಾರು 30 ಡಿಗ್ರಿ ಕೋನ ಇರುತ್ತದೆ. ರೇಜರಿನ ತೂಕ ಬಿಟ್ಟರೆ ಬೇರೆ ಒತ್ತಡ ಬೇಡ. ಎಳೆತ ಎರಡು–ಮೂರು ಸೆಂಟಿಮೀಟರ್ ದಾಟದಿರಲಿ. ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಎರಡನೆಯದು ಅಡ್ಡಕ್ಕೆ. ಎದುರು ದಿಕ್ಕಿನ ಮೂರನೆಯ ಸುತ್ತು ಮೊದಲ ತಿಂಗಳು ಬೇಡ. ಕುತ್ತಿಗೆಯಲ್ಲಿ ಕೂದಲು ಒಂದೇ ಕಡೆ ಬೆಳೆದಿರುವುದಿಲ್ಲ, ಒಂದು ದಿನದ ಗಡ್ಡದ ಮೇಲೆ ಬೆರಳಾಡಿಸಿ ಎಲ್ಲಿ ಯಾವ ದಿಕ್ಕು ಎಂದು ತಿಳಿದುಕೊಳ್ಳಿ.

ಹೋಲಿಕೆ ಮಾಡುವಾಗ ಬದಲಾಗಬೇಕಾದದ್ದು ಬ್ಲೇಡು ಒಂದೇ. ರೇಜರು, ಕ್ರೀಮು, ನೀರು, ಗಡ್ಡದ ಉದ್ದ ಎಲ್ಲ ಹಿಂದಿನಂತೆಯೇ ಇರಲಿ. ಎರಡು ದಿನದ ಗಡ್ಡದಲ್ಲಿ ಒಂದನ್ನೂ ಒಂದು ದಿನದ ಗಡ್ಡದಲ್ಲಿ ಇನ್ನೊಂದನ್ನೂ ನೋಡಿದರೆ ಲೆಕ್ಕ ತಪ್ಪುತ್ತದೆ. ಒಂದೇ ಮಾದರಿಯ ಎರಡು ರೇಜರು ಇದ್ದರೆ ಎಡಕ್ಕೊಂದು ಬಲಕ್ಕೊಂದು ಬ್ಲೇಡು ಹಾಕಿ ನೋಡುವುದು ತುಂಬ ಒಳ್ಳೆಯ ಕ್ರಮ, ಆದರೆ ಮುಂದಿನ ಸಲ ಬದಿ ಬದಲಿಸಲೇಬೇಕು. ಬಲಗೈಯವರಿಗೆ ಎರಡು ಕೆನ್ನೆಗಳ ಮೇಲೂ ಕೈ ಒಂದೇ ಸಮ ಓಡುವುದಿಲ್ಲ. ಕೆನ್ನೆ, ದವಡೆಯ ಮೂಲೆ, ಗಲ್ಲ, ಮೀಸೆಯ ಜಾಗ, ಕುತ್ತಿಗೆ, ಈ ಐದು ಕಡೆ ಹೇಗಾಯಿತೆಂದು ಒಂದೊಂದು ಸಾಲು ಬರೆದಿಡಿ. ಶೇವ್ ಮುಗಿದ ಮೇಲೆ ಸಲೂನಿನಲ್ಲಿ ಉಜ್ಜುವಂಥ ಪಟಿಕದ ಕಲ್ಲನ್ನು ಒದ್ದೆ ಮುಖದ ಮೇಲೆ ಆಡಿಸಿದರೆ ಎಲ್ಲಿ ಚರ್ಮ ತರಚಿದೆಯೋ ಅಲ್ಲಿ ಚುರ್ ಎನ್ನುತ್ತದೆ. ಕನ್ನಡಿಗೆ ಕಾಣದ್ದನ್ನೂ ಅದು ತೋರಿಸಿಕೊಡುತ್ತದೆ.

ಇನ್ನು ಬ್ಲೇಡುಗಳು.

ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ, ಹಸಿರು ಪ್ಯಾಕೆಟ್. ಜಿಲೆಟ್ ಬಳಗದ್ದು, ಬಹುಕಾಲ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಯಾರಾಗಿ ಹೆಸರು ಮಾಡಿದ್ದು. ಹರಿತ ಮಧ್ಯಮಕ್ಕಿಂತ ಸ್ವಲ್ಪ ಮೇಲೆ, ನಯ ಚೆನ್ನಾಗಿದೆ, ಸೌಮ್ಯ ರೇಜರಿನಲ್ಲೂ ಒರಟು ರೇಜರಿನಲ್ಲೂ ನಡೆಯುತ್ತದೆ. ಕೋನ ಒಂದಿಷ್ಟು ತಪ್ಪಿದರೂ ಕೂಡಲೇ ಕೊಯ್ಯುವುದಿಲ್ಲ, ಹಾಗೆಂದು ಕೂದಲನ್ನು ಕೀಳುವುದೂ ಇಲ್ಲ. ಬೇರೆ ಬ್ಲೇಡುಗಳನ್ನು ಅಳೆಯಲು ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ ಎನ್ನುತ್ತೇವೆ.

ಸೆವೆನ್ ಓ ಕ್ಲಾಕ್ ಸೂಪರ್ ಪ್ಲಾಟಿನಂ, ಕಪ್ಪು ಪ್ಯಾಕೆಟ್. ನಮ್ಮ ಪ್ರೊವಿಜನ್ ಸ್ಟೋರಿನಲ್ಲಿ ಸುಲಭವಾಗಿ ಸಿಗುವ ಬ್ಲೇಡುಗಳಲ್ಲಿ ಮೊದಲ ಸ್ಥಾನ ಇದಕ್ಕೇ. ಆಸ್ಟ್ರಾಕ್ಕಿಂತ ಒಂದು ಕೈ ಹರಿತ. ಒರಟು, ದಟ್ಟ ಗಡ್ಡದವರು ಇದರಿಂದಲೇ ಶುರು ಮಾಡುವುದು ವಾಸಿ. ಸೆವೆನ್ ಓ ಕ್ಲಾಕ್ ಹೆಸರಿನಲ್ಲಿ ಬೇರೆ ಬಗೆಗಳೂ ಇರುವುದರಿಂದ ಸೂಪರ್ ಪ್ಲಾಟಿನಂ ಎಂದು ಓದಿಕೊಂಡೇ ಕೊಳ್ಳಿ.

ವಿಲ್ಕಿನ್ಸನ್ ಸ್ವೋರ್ಡ್ ಬಗ್ಗೆ ಒಂದು ಎಚ್ಚರ. ಭಾರತದಲ್ಲಿ ಈ ಹೆಸರಿನ ಬ್ಲೇಡು ಮಾರುವುದು ಜಿಲೆಟ್. ಯುರೋಪಿನಲ್ಲಿ ಇದೇ ಹೆಸರಿನಲ್ಲಿ ಸಿಗುವ ಜರ್ಮನಿಯ ಬ್ಲೇಡು ಬೇರೆ ಕಂಪನಿಯದು, ಬೇರೆಯೇ ಸರಕು. ಅಲ್ಲಿನವರ ಹೊಗಳಿಕೆ ತೆಗಳಿಕೆ ಇಲ್ಲಿನ ಪ್ಯಾಕೆಟಿಗೆ ಹೊಂದುವುದಿಲ್ಲ. ಇಲ್ಲಿನದು ಅಗ್ಗ, ಸಲೂನುಗಳಲ್ಲಿ ಅರ್ಧಕ್ಕೆ ಮುರಿದು ಬಳಸಲು ಹೇಳಿ ಮಾಡಿಸಿದಂಥದ್ದು. ಮನೆಯಲ್ಲೂ ಮೊದಲೆರಡು ಶೇವ್ ಚೆನ್ನಾಗಿಯೇ ಆಗುತ್ತದೆ, ಆಮೇಲೆ ಬೇಗ ಮೊಂಡು.

ಡರ್ಬಿ ಎಕ್ಸ್‌ಟ್ರಾ ಟರ್ಕಿಯದು, ಹರಿತ ಕಡಿಮೆ. "ಹೊಸಬರಿಗೆ ಇದೇ ಸುರಕ್ಷಿತ" ಎಂದು ಇದನ್ನು ಕೈಗೆ ಕೊಡುವವರು ಬಹಳ ಜನ, ಇದನ್ನು ನಾವು ಒಪ್ಪುವುದಿಲ್ಲ. ಮೃದು, ವಿರಳ ಗಡ್ಡಕ್ಕೆ ಡರ್ಬಿ ನಿಜಕ್ಕೂ ಹಿತ. ಆದರೆ ಗಡ್ಡ ಒರಟಾಗಿದ್ದರೆ ಬ್ಲೇಡು ಕೂದಲನ್ನು ಕತ್ತರಿಸುವ ಮೊದಲು ಜಗ್ಗುತ್ತದೆ, ಜಗ್ಗಿದರೆ ಕೈ ತಾನಾಗಿ ಒತ್ತುತ್ತದೆ, ಒತ್ತಿದರೆ ಚರ್ಮ ಉಬ್ಬಿ ಸಂದಿಗೆ ಬಂದು ಅಂಚಿಗೆ ಸಿಗುತ್ತದೆ. ಒಂದೇ ಜಾಗದ ಮೇಲೆ ನಾಲ್ಕು ಸಲ ಎಳೆಯಬೇಕಾಗಿ ಬಂದು ಉರಿ ಏಳುತ್ತದೆ. ಹೊಸಬರ ಗಾಯಗಳಿಗೆ ಅತಿ ಹರಿತಕ್ಕಿಂತ ಒತ್ತಡವೇ ದೊಡ್ಡ ಕಾರಣ, ಒತ್ತಡ ಹುಟ್ಟಿಸುವುದು ಮೊಂಡು ಅಂಚು.

ಫೆದರ್ ಹೈ-ಸ್ಟೇನ್‌ಲೆಸ್ ಜಪಾನಿನದು. ಚಾಕು ಕತ್ತಿಗಳಿಗೆ ಹೆಸರಾದ ಸೆಕಿ ಪಟ್ಟಣದಲ್ಲಿ ಈ ಕಂಪನಿಯ ಕಾರ್ಖಾನೆ ಇದೆ. ಸಾಮಾನ್ಯ ಮಾರುಕಟ್ಟೆಯಲ್ಲಿ ಸಿಗುವವುಗಳಲ್ಲಿ ಇದಕ್ಕಿಂತ ಹರಿತ ಹುಡುಕುವುದು ಕಷ್ಟ. ಕೋನ, ಒತ್ತಡ ಎರಡೂ ಹಿಡಿತಕ್ಕೆ ಬಂದವರಿಗೆ, ಸೌಮ್ಯ ರೇಜರಿನಲ್ಲಿ, ಒರಟು ಗಡ್ಡದ ಮೇಲೆ ಇದು ಅದ್ಭುತ: ಎಳೆದದ್ದೇ ಗೊತ್ತಾಗುವುದಿಲ್ಲ. ಹೊಸಬರಿಗೆ ಅದೇ ಅಪಾಯ. ಬೇರೆ ಬ್ಲೇಡು ಕೋನ ತಪ್ಪಿದಾಗ ಕೆರೆದು ಎಚ್ಚರಿಸುತ್ತದೆ, ಇದು ಎಚ್ಚರಿಸುವ ಮೊದಲೇ ಗಲ್ಲದ ಉಬ್ಬಿನಲ್ಲೋ ಗಂಟಲ ಗಂಟಿನ ಮೇಲೋ ರಕ್ತ ತರುತ್ತದೆ. ಬೆಲೆಯೂ ನಮ್ಮ ಅಂಗಡಿ ಬ್ಲೇಡಿನ ಹಲವು ಪಟ್ಟು. ಎರಡು–ಮೂರು ತಿಂಗಳ ನಂತರ ಒಂದು ಪ್ಯಾಕೆಟ್ ತನ್ನಿ.

ಮುಖದಲ್ಲಿ ಏನು ಕಂಡರೆ ಏನು ಅರ್ಥ? ಕೆನ್ನೆಯ ಬಯಲಿನಲ್ಲೇ ಜಗ್ಗಿದರೆ ಬ್ಲೇಡು ನಿಮ್ಮ ಗಡ್ಡಕ್ಕೆ ಸಾಲದು, ಇಲ್ಲವೇ ಕೂದಲು ನೆಂದಿಲ್ಲ. ಕುತ್ತಿಗೆಯಲ್ಲಿ ಮಾತ್ರ ಕೆಂಪು ಚುಕ್ಕೆ ಎದ್ದರೆ ದಿಕ್ಕು ತಪ್ಪಿದೆ ಅಥವಾ ಒತ್ತಡ ಹೆಚ್ಚಾಗಿದೆ, ಬ್ಲೇಡು ಬದಲಿಸಿ ಫಲವಿಲ್ಲ. ನೇರ ಗೀರು ಬಿದ್ದರೆ ರೇಜರು ಅಂಚಿನ ಉದ್ದಕ್ಕೆ ಪಕ್ಕಕ್ಕೆ ಜಾರಿದೆ. ಗಾಯವಿಲ್ಲದೆ ಮುಖವೆಲ್ಲ ಉರಿದರೆ ಒಂದೇ ಜಾಗವನ್ನು ನೊರೆಯಿಲ್ಲದೆ ಮತ್ತೆ ಮತ್ತೆ ಎಳೆದಿದ್ದೀರಿ. ಎಲ್ಲ ಸರಿಯಿದ್ದೂ ಮೂರು ಶೇವ್‌ಗಳಲ್ಲಿ ಮೂರೂ ಸಲ ಒಂದೇ ದೂರು ಬಂದರೆ ಆಗ ಬ್ಲೇಡನ್ನು ಪಟ್ಟಿಯಿಂದ ತೆಗೆದುಹಾಕಿ.

ಒಂದು ಬ್ಲೇಡು ಸಾಮಾನ್ಯವಾಗಿ ಮೂರರಿಂದ ಐದು ಶೇವ್ ಬರುತ್ತದೆ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು, ಆದರೂ ಬ್ಲೇಡು ಕೆಡುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದಂತೆ, ಕೂದಲು ಬಾಗಿ ಅಂಚಿಗೆ ಓರೆಯಾಗಿ ಸಿಕ್ಕಾಗ ಉಕ್ಕಿನ ದುರ್ಬಲ ಜಾಗಗಳಲ್ಲಿ ಸಣ್ಣ ಚಕ್ಕೆ ಹಾರುತ್ತದೆ. ನಿನ್ನೆವರೆಗೆ ನಯವಾಗಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ಕೆರೆಯತೊಡಗಿದರೆ ಆ ಬ್ಲೇಡು ಮುಗಿಯಿತು. ನಮ್ಮ ಅಂಗಡಿ ಬ್ಲೇಡುಗಳು ಹೆಚ್ಚಿನವು ಅಗ್ಗವೇ ಇರುವಾಗ ಇನ್ನೊಂದು ದಿನ ಎಳೆಯುವ ಆಸೆ ಯಾಕೆ? ಶೇವ್ ಆದಮೇಲೆ ಹಿಡಿ ಅರ್ಧ ಸುತ್ತು ಸಡಿಲಿಸಿ, ನೀರು ಬಿಟ್ಟು, ಕೊಡವಿ ನಿಲ್ಲಿಸಿ. ಕರಾವಳಿಯ ತೇವದಲ್ಲಿ ಬಚ್ಚಲುಮನೆಯಲ್ಲೇ ಬಿಟ್ಟ ಬ್ಲೇಡಿಗೆ ಸ್ಟೇನ್‌ಲೆಸ್ ಆದರೂ ಕಲೆ ಹಿಡಿಯುತ್ತದೆ, ರೇಜರನ್ನು ಒಣ ಕೋಣೆಯಲ್ಲಿಡಿ.

ಕೊಳ್ಳುವಾಗ ದೊಡ್ಡ ಡಬ್ಬಿ ಬೇಡ. ಪರೀಕ್ಷೆಗೆ ಒಂದೊಂದು ಬಗೆಯದು ಐದು ಬ್ಲೇಡು ಸಾಕು, ಹೊಂದಿದ ಮೇಲೆ ನೂರರ ಪ್ಯಾಕ್ ತನ್ನಿ. ನಕಲಿಯೂ ಓಡಾಡುತ್ತದೆ: ಮುದ್ರಣ ಮಸುಕಾಗಿದ್ದರೆ, ಒಳಗಿನ ಕಾಗದ ಸಡಿಲ ಸುತ್ತಿದ್ದರೆ, ಬ್ಲೇಡಿನ ಮೇಲಿನ ಹೆಸರು ಪ್ಯಾಕೆಟಿನದಕ್ಕೆ ಹೊಂದದಿದ್ದರೆ ಮುಖಕ್ಕೆ ಹಚ್ಚಬೇಡಿ.

ಹಳೆ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಕಸ ವಿಂಗಡಿಸುವ ಪೌರಕಾರ್ಮಿಕರ ಕೈ ಕೊಯ್ಯುವುದು ಅದೇ. ಮುಚ್ಚಳವಿರುವ ಒಂದು ತಗಡಿನ ಡಬ್ಬಿಗೆ ಸೀಳು ಮಾಡಿ ಅದರೊಳಗೆ ಹಾಕುತ್ತಾ ಬನ್ನಿ, ವರ್ಷಗಟ್ಟಲೆ ತುಂಬುವುದಿಲ್ಲ. ತುಂಬಿದಾಗ ಸೀಳಿಗೆ ಟೇಪು ಸುತ್ತಿ, ಮೇಲೆ ದೊಡ್ಡದಾಗಿ ಬ್ಲೇಡು ಎಂದು ಬರೆದು, ಬೇರೆ ಕಸದ ಜೊತೆ ಬೆರೆಸದೆ ಅವರಿಗೆ ಹೇಳಿ ಕೈಗೇ ಕೊಡಿ.