ಸಂತೆ, ತಳ್ಳುಗಾಡಿ, ಸೂಪರ್ ಮಾರ್ಕೆಟ್: ಕೊಪ್ಪಳದಲ್ಲಿ ಯಾವುದನ್ನು ಎಲ್ಲಿ ಕೊಳ್ಳಬೇಕು?

ಕೊಪ್ಪಳದಲ್ಲಿ ಕಾಯಿಪಲ್ಲೆ ತರಲು ನಮಗೆ ಮೂರು ದಾರಿ. ವಾರದ ಸಂತೆ, ಓಣಿಗೆ ಬರುವ ತಳ್ಳುಗಾಡಿ, ಎಸಿ ಹಾಕಿದ ಸೂಪರ್ ಮಾರ್ಕೆಟ್. ಮೂರೂ ಕಡೆ ಕೊಂಡು ನೋಡಿದ್ದೇನೆ. ಸಂತೆ ಅಂದರೆ ಸೋವಿ, ಸಂತೆ ಅಂದರೆ ತಾಜಾ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಸಂತೆಯಲ್ಲಿ ಯಾರ ಮುಂದೆ ಚೀಲ ಬಿಚ್ಚುತ್ತೀರಿ ಅನ್ನೋದು ಮುಖ್ಯ.

ತಪ್ಪಲುಪಲ್ಲೆಯಲ್ಲಂತೂ ಪೈಪೋಟಿಯೇ ಇಲ್ಲ. ಪುಂಡಿಪಲ್ಲೆ, ಮೆಂತ್ಯೆ, ರಾಜಗಿರಿ, ಸಬ್ಬಸಿಗೆ ಸಂತೆಯಲ್ಲೇ ತರಬೇಕು. ಹಕ್ಕರಕಿ ಬೇಕು ಅಂತ ಸೂಪರ್ ಮಾರ್ಕೆಟ್‌ನಲ್ಲಿ ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ.

"ಯವ್ವಾ, ಮೆಂತ್ಯೆ ಇವತ್ತಿಂದಾ?" ಅಂತ ಸಂತೆಯಲ್ಲಿ ಪಲ್ಲೆ ಮಾರುವಾಕೆಯನ್ನು ಕೇಳಿದೆ.

"ಬೇರು ಮುಟ್ಟಿ ನೋಡು ತಂಗಿ, ಮಣ್ಣು ಇನ್ನೂ ಹಸಿ ಐತಿ."

ಮುಟ್ಟಿದೆ. ಮಣ್ಣು ಬೆರಳಿಗೆ ಅಂಟಿತು. ಗಾಡಿಯವರ ಸಿವುಡೂ ಒದ್ದೆಯೇ ಇರುತ್ತದೆ, ಆದರೆ ಅದು ಚಿಮುಕಿಸಿದ ನೀರು. ಎಲೆ ಒದ್ದೆ, ಬೇರು ಒಣ. ಸೊಪ್ಪು ಕಿತ್ತ ಮೇಲೆ ಅದರ ಸಿ ವಿಟಮಿನ್ ಇಳಿಯುತ್ತಾ ಹೋಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಪಾಲಕ್ ಸುಮ್ನೆ ಹಸಿರು ಕಾಣುತ್ತದೆ ಅಷ್ಟೇ. ಒಮ್ಮೆ ಮನೆಗೆ ತಂದು ಬಿಚ್ಚಿದರೆ ನಡುವಿನ ಎಲೆಗಳೆಲ್ಲ ಲೋಳೆಯಾಗಿದ್ದವು. ಇನ್ನು ಕೊಸರು. ಎರಡು ಸಿವುಡು ಕೊಂಡರೆ ಒಂದು ಹಿಡಿ ಕೊತ್ತಂಬರಿ ಚೀಲಕ್ಕೆ ಬೀಳುತ್ತದೆ. ಬಿಲ್ಲಿನ ಮಷಿನ್ ಕೊಸರು ಕೊಡುತ್ತಾ?

ಆದರೆ ಸಂತೆಯಲ್ಲಿ ಕೂತವರೆಲ್ಲ ರೈತರಲ್ಲ. ಒಂದೇ ತಾಡಪತ್ರಿ ಮೇಲೆ ಆಲೂಗಡ್ಡೆ, ಗಜ್ಜರಿ, ಕೋಸು, ಬೀನ್ಸ್ ಎಲ್ಲಾ ಇದ್ದರೆ ಅವರು ಸಗಟಿನಲ್ಲಿ ತಂದು ಮಾರುವವರು. ಅದೇನು ತಪ್ಪಲ್ಲ, ಅವರ ಹೊಟ್ಟೆಪಾಡು ಅದು. ಆದರೆ ಆ ಮಾಲು ಹೆಚ್ಚಾಗಿ ದೂರದೂರಿಂದ ಲಾರಿಯಲ್ಲಿ ಬಂದದ್ದು, ಸೂಪರ್ ಮಾರ್ಕೆಟ್‌ನದಕ್ಕಿಂತ ತಾಜಾ ಏನಲ್ಲ. ಆಲೂಗಡ್ಡೆ, ಗಜ್ಜರಿಯನ್ನು ನಾನು ಸೂಪರ್ ಮಾರ್ಕೆಟ್‌ನಲ್ಲೇ ಆರಿಸಿಕೊಳ್ಳುತ್ತೇನೆ. ಆಫರ್ ಇದ್ದರೆ ಅಲ್ಲೇ ಸೋವಿ. ಬೆಳೆದವರು ಗೋಣಿಚೀಲ ಹಾಸಿ ಒಂದೆರಡು ಸಾಮಾನಷ್ಟೇ ಇಟ್ಟಿರುತ್ತಾರೆ. ಬದನೆಕಾಯಿ ಒಂದು ದಪ್ಪ, ಒಂದು ಸಣ್ಣ, ನಡುವೆ ಒಂದೆರಡು ಹುಳುಕು. ಅಲ್ಲಿ ಕೊಂಡರೆ ದುಡ್ಡು ನೇರ ಅವರ ಕೈಗೆ. 2024ರಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಒಂದು ಅಧ್ಯಯನದ ಪ್ರಕಾರ, ಟೊಮೆಟೊಗೆ ನಾವು ಕೊಡುವ 100 ರೂಪಾಯಿಯಲ್ಲಿ ರೈತರಿಗೆ ಸೇರುವುದು ಸುಮಾರು 33. ಉಳ್ಳಾಗಡ್ಡಿಗೆ 36. ಉಳಿದದ್ದು ದಾರಿಯಲ್ಲೇ ಕರಗುತ್ತದೆ.

ಟೊಮೆಟೊದ ಕಥೆ ಬೇರೆ. ಸಂತೆಯದು ಗಿಡದಲ್ಲೇ ಹಣ್ಣಾಗಿರುತ್ತದೆ, ಸಾರಿಗೆ ರುಚಿ, ಆದರೆ ಬೇಗ ಮೆತ್ತಗಾಗುತ್ತದೆ. ಸೂಪರ್ ಮಾರ್ಕೆಟ್‌ನದು ಗಟ್ಟಿ, ವಾರ ಇಟ್ಟರೂ ಅಲ್ಲಾಡಲ್ಲ, ರುಚಿಯೂ ಅಷ್ಟಕ್ಕಷ್ಟೇ. ಎರಡು ದಿನಕ್ಕಾಗುವಷ್ಟು ಸಂತೆಯಲ್ಲಿ ತಂದು, ಆಮೇಲೆ ಗಾಡಿಯವರ ಹತ್ರ ಕಾಲು ಕಿಲೋದಂತೆ ತೊಗೊಳ್ಳುತ್ತೇನೆ.

ಗಾಡಿಯಲ್ಲಿ ರೇಟು ಸ್ವಲ್ಪ ಜಾಸ್ತಿ. ಆದರೆ ಮನೆ ಬಾಗಿಲಿಗೆ ಬರುತ್ತದೆ, ಉದ್ರಿ ಸಿಗುತ್ತದೆ, ಐದು ರೂಪಾಯಿಯ ಹಸಿಮೆಣಸಿನಕಾಯಿಯನ್ನೂ ಕೊಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಗಾಡಿ ತಳ್ಳುವವರ ಹತ್ರ ಎರಡು ರೂಪಾಯಿಗೆ ಜಗಳ ಮಾಡಲು ನನಗಂತೂ ಬಾಯಿ ಬರಲ್ಲ.

ಉಳ್ಳಾಗಡ್ಡಿಗೆ ಸಂತೆಯೇ ಸರಿ. ಕುಷ್ಟಗಿ, ಯಲಬುರ್ಗಾ ಕಡೆಯವರು ಬೆಳೆದದ್ದು ಇಲ್ಲಿಗೇ ಬರುತ್ತದೆ. ಆದರೆ ಮಳೆಗಾಲದ ಬೆಳೆಯಲ್ಲಿ ನೀರಿನಂಶ ಜಾಸ್ತಿ. ಸೋವಿ ಅಂತ ಮೂಟೆಗಟ್ಟಲೆ ತಂದಿಟ್ಟರೆ ಕೊಳೆಯುತ್ತದೆ. ಕೂಡಿಡುವುದಿದ್ದರೆ ಬೇಸಿಗೆಗೆ ಬರುವ ಒಣಗಿದ ಗಡ್ಡಿ ತನ್ನಿ.

ಹೊತ್ತು ಇಳಿದ ಮೇಲೆ ಸಂತೆಯಲ್ಲಿ ರೇಟು ದಬದಬ ಬೀಳುತ್ತದೆ. ಉಳ್ಳಾಗಡ್ಡಿ, ಕುಂಬಳಕಾಯಿ ಬೇಕಿದ್ದರೆ ಆವಾಗ ಹೋಗಿ. ಪಲ್ಲೆಗಾದರೆ ಮುಂಜಾನೆಯೇ ಹೋಗಬೇಕು.